ಕಡತ ಕಾಯುವ ವಿದ್ಯೆ

ಹಳೆಯ ದಾಖಲೆ ಉಳಿಸುವುದನ್ನೇ ಓದಾಗಿ ಆರಿಸಿಕೊಂಡ ದಾವಣಗೆರೆ–ಹರಿಹರ ಸೀಮೆಯ ವಿದ್ಯಾರ್ಥಿಗೆ ಎದುರಾಗುವ ತೊಡಕುಗಳೇನು? ಈ ಜಿಲ್ಲೆಗೆ ಆ ಓದು ಯಾಕೆ ಬೇಕು?

“ಎಂ.ಎ. ಮಾಡ್ಕೆಂಡು ಹಳೇ ಕಾಗ್ದ ಜೋಡ್ಸಾಕೆ ಡೆಲ್ಲಿಗೆ ಹೋಗ್ತೀಯೇನೋ ತಮ್ಮ?”

ಇತಿಹಾಸದಲ್ಲಿ ಸ್ನಾತಕೋತ್ತರ ಪದವಿ ಪಡೆದು ಆರ್ಕೈವಿಸ್ಟ್ ಆಗಲು ಹೊರಟವರು ಮನೆಯಲ್ಲಿ ಮೊದಲು ಕೇಳಿಸಿಕೊಳ್ಳುವುದು ಇಂಥ ಮಾತನ್ನೇ. ಲೈಬ್ರರಿಯನ್ ಎಂದರೆ ಎಲ್ಲರಿಗೂ ಗೊತ್ತು. ಆರ್ಕೈವಿಸ್ಟ್ ಎಂದರೆ ಮಾತ್ರ ಪ್ರತಿ ಸಲವೂ ವಿವರಿಸಬೇಕು. ಅಚ್ಚಾದ ಪುಸ್ತಕ ಇಲ್ಲಿ ಹಾಳಾದರೆ ಇನ್ನೊಂದು ಕಡೆ ಸಿಕ್ಕೀತು. ಕಚೇರಿಯ ಕಡತಕ್ಕೆ ಎರಡನೇ ಪ್ರತಿ ಸಾಮಾನ್ಯವಾಗಿ ಇರುವುದಿಲ್ಲ. ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು, ಇಟ್ಟದ್ದನ್ನು ಮುಂದಿನವರು ಹುಡುಕಿ ತೆಗೆಯುವುದು ಹೇಗೆ – ಇದೇ ಆ ಓದಿನ ತಿರುಳು.

ಈ ಓದಿಗೆ ನಮ್ಮಲ್ಲಿ ಹೆಸರಾದ ಜಾಗ ದೆಹಲಿಯ ರಾಷ್ಟ್ರೀಯ ಪತ್ರಾಗಾರ. 1891ರಲ್ಲಿ ಕಲ್ಕತ್ತೆಯಲ್ಲಿ ಶುರುವಾದ ಈ ಸಂಸ್ಥೆ 1976ರಲ್ಲಿ ತರಬೇತಿ ಶಾಲೆಯನ್ನೂ ತೆರೆಯಿತು. ಅಲ್ಲಿನ ಡಿಪ್ಲೊಮಾ ಒಂದು ವರ್ಷದ್ದು. ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆ ಹುಟ್ಟಿದ್ದು 1973ರಲ್ಲಿ. ಅದರ ಕೇಂದ್ರ ಕಚೇರಿ ಬೆಂಗಳೂರಿನ ವಿಧಾನಸೌಧದಲ್ಲಿದೆ, ಮೈಸೂರಿನಲ್ಲಿ ವಿಭಾಗೀಯ ಕಚೇರಿಯಿದೆ.

ಕಡತ ಹುಟ್ಟಿದ್ದೆಲ್ಲಿ?

ತರಗತಿಯಲ್ಲಿ ಕಲಿಸುವ ಮೊದಲ ಸೂತ್ರ ಸರಳ: ಕಾಗದ ಯಾವ ಕಚೇರಿಯಲ್ಲಿ ಹುಟ್ಟಿತೋ ಆ ಕಚೇರಿಯ ಕಾಗದಗಳ ಜೊತೆಗೇ, ಅದೇ ಕ್ರಮದಲ್ಲೇ ಇರಬೇಕು. ವಿಷಯ ನೋಡಿ ಬಿಡಿಸಿ ಬೇರೆಡೆ ಸೇರಿಸುವಂತಿಲ್ಲ. 1898ರಲ್ಲಿ ಮೂವರು ಡಚ್ ಆರ್ಕೈವಿಸ್ಟರು ಬರೆದ ಕೈಪಿಡಿಯಿಂದ ಜಗತ್ತಿನೆಲ್ಲೆಡೆ ನೆಲೆಯೂರಿದ ನಿಯಮವಿದು. ಆದರೆ ನಮ್ಮ ಜಿಲ್ಲೆಗೆ ಇದನ್ನು ಹೊಂದಿಸಲು ಕೂತರೆ ತಲೆ ಬಿಸಿಯಾಗುತ್ತದೆ.

ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗದಿಂದ ಬಂದವು, ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದ, ಹರಪನಹಳ್ಳಿ ಬಳ್ಳಾರಿಯಿಂದ. ಹರಪನಹಳ್ಳಿ 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. 1953ರವರೆಗೆ ಅದು ಮದರಾಸಿನ ಆಡಳಿತದಲ್ಲಿತ್ತು. ಹಾಗಾಗಿ ಅಲ್ಲಿನ ಹಳೆಯ ಕಂದಾಯ ವ್ಯವಹಾರದ ಎಳೆ ಹಿಡಿದವರು ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದ ಮೆಟ್ಟಿಲು ಹತ್ತಬೇಕು.

ಹರಿಹರದ್ದು ಇನ್ನೊಂದು ಕಥೆ. ತುಂಗಭದ್ರೆಯ ಈ ದಡ ಮೈಸೂರು, ಆ ದಡದ ರಾಣೆಬೆನ್ನೂರು ಸೀಮೆ ಬೊಂಬಾಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಹದಿನಾಲ್ಕು ಕಮಾನುಗಳ ಹಳೆಯ ಸೇತುವೆ 1868ರಲ್ಲಿ ಮುಗಿದಾಗ ಮೈಸೂರನ್ನು ಆಳುತ್ತಿದ್ದವರು ಬ್ರಿಟಿಷ್ ಕಮಿಷನರು. ಆ ಸೇತುವೆಯ ಪೂರ್ತಿ ಚರಿತ್ರೆ ಬರೆಯಹೊರಟವರು ಎರಡು ಆಡಳಿತಗಳ ದಾಖಲೆ ಪದ್ಧತಿಯನ್ನೂ ಅರಿತಿರಬೇಕು.

ಕಲ್ಲಿನ ದಾಖಲೆಯಲ್ಲೂ ಇದೇ ತೊಡಕು. ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ ಹರಿಹರೇಶ್ವರ ದೇಗುಲ ಕಟ್ಟಿಸಿದ್ದು 1224ರ ಸುಮಾರಿಗೆ. ದೇಗುಲದ ಶಾಸನಗಳನ್ನು ಬಿ.ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 11ನೇ ಸಂಪುಟದಲ್ಲಿ ಪ್ರಕಟಿಸಿದರು. ಅದು ಚಿತ್ರದುರ್ಗ ಜಿಲ್ಲೆಯ ಸಂಪುಟ. ಹರಿಹರದ ಶಾಸನಗಳಿರುವುದು ದಾವಣಗೆರೆ ತಾಲ್ಲೂಕಿನ ಸಾಲಿನಲ್ಲಿ. ಇವತ್ತಿನ ನಕ್ಷೆ ಹಿಡಿದು ಹರಿಹರ ತಾಲ್ಲೂಕು ಹುಡುಕುವವರು ಬರಿಗೈಲಿ ಏಳುತ್ತಾರೆ. ಹಳೆಯ ಗಡಿಗಳನ್ನು ಬಾಯಿಪಾಠ ಮಾಡದೆ ಈ ವೃತ್ತಿ ನಡೆಯುವುದಿಲ್ಲ.

ಇದರ ಮೇಲೆ ಲಿಪಿಯ ಕಷ್ಟ. ದಾವಣಗೆರೆಯನ್ನು ಹೈದರಾಲಿಯಿಂದ ಜಹಗೀರಾಗಿ ಪಡೆದು ವರ್ತಕರನ್ನು ನೆಲೆಗೊಳಿಸಿದ ಅಪ್ಪೋಜಿರಾಮ ಮರಾಠಾ ಸರದಾರ. ಆ ಕಾಲದ ಮರಾಠಿ ವ್ಯವಹಾರವೆಲ್ಲ ಮೋಡಿ ಲಿಪಿಯಲ್ಲಿ. ಕನ್ನಡದ್ದೇ ಆದರೂ ಶ್ಯಾನುಭೋಗರ ಓಟದ ಕೈಬರಹ ಹೊಸಬರ ಕಣ್ಣಿಗೆ ಸುಲಭಕ್ಕೆ ದಕ್ಕದು.

ಒಂದು ಹಾಳೆಯ ಶುಶ್ರೂಷೆ

ರಿಪೇರಿ ಮೇಜಿನ ಮುಂದೆ ಕೂತವರಿಗೆ ಆತುರ ಸಲ್ಲದು. ಮೊದಲು ಪೆನ್ಸಿಲಿನಲ್ಲಿ ಪುಟಸಂಖ್ಯೆ. ಆಮೇಲೆ ಮೆತ್ತನೆಯ ಬ್ರಷ್ಷಿನಿಂದ ನಡುವಿನಿಂದ ಅಂಚಿನ ಕಡೆಗೆ ಧೂಳು ತೆಗೆಯಬೇಕು. ಮೂಲೆಯ ಒಂದು ಅಕ್ಷರಕ್ಕೆ ಹನಿ ನೀರು ತಾಗಿಸಿ ಬ್ಲಾಟಿಂಗ್ ಪೇಪರ್ ಒತ್ತಿ ನೋಡಬೇಕು. ಮಸಿ ಬಿಟ್ಟರೆ ಆ ಹಾಳೆಗೆ ನೀರಿನ ಉಪಚಾರ ಕೂಡದು. ಹರಿದ ಅಂಚಿಗೆ ಜಪಾನಿ ಟಿಶ್ಯೂ ಹಚ್ಚುವಾಗ ಅದನ್ನು ಕತ್ತರಿಯಿಂದ ಕತ್ತರಿಸದೆ ಕೈಯಿಂದಲೇ ಹರಿಯುತ್ತಾರೆ. ಅಂಚಿನ ಎಳೆಗಳು ಹಳೆಯ ಕಾಗದವನ್ನು ಕಚ್ಚಿ ಹಿಡಿಯಲಿ ಎಂದು. ತೆಳುವಾದ ಗಂಜಿಯ ಅಂಟು ಸವರಿ, ಬ್ಲಾಟಿಂಗ್ ಪೇಪರಿನ ನಡುವೆ ಭಾರ ಹೇರಿ ಒಣಗಲು ಬಿಡಬೇಕು. ಒಂದು ಹಾಳೆಗೆ ಅರ್ಧ ದಿನ ಹಿಡಿದರೂ ಆಶ್ಚರ್ಯವಿಲ್ಲ. ಪಕ್ಕದಲ್ಲಿ ಅಂಥ ಹಾಳೆಗಳ ಬಸ್ತಾಗಳೇ ಕಾದಿರುತ್ತವೆ.

ಹೊಟ್ಟೆ ಉರಿಸುವುದು ಗೆದ್ದಲಿಗಿಂತ ಹೆಚ್ಚಾಗಿ ಮನುಷ್ಯರು ಪ್ರೀತಿಯಿಂದ ಮಾಡಿದ ಹಾನಿ. ಹರಿದ ಕ್ರಯಪತ್ರಕ್ಕೆ ಸೆಲ್ಲೋಟೇಪು, ಅಜ್ಜನ ಪತ್ರಕ್ಕೆ ಅಂಗಡಿಯ ಲ್ಯಾಮಿನೇಷನ್. ಟೇಪಿನ ಅಂಟು ಕಾಗದದೊಳಕ್ಕೆ ಇಳಿದು ಕಂದು ಕಲೆಯಾಗುತ್ತದೆ. ಬಿಸಿ ಒತ್ತಿದ ಪ್ಲಾಸ್ಟಿಕ್ಕನ್ನು ಕಾಗದಕ್ಕೆ ನೋವಾಗದಂತೆ ಬಿಡಿಸುವುದು ಬಹುಮಟ್ಟಿಗೆ ಆಗದ ಕೆಲಸ.

“ಸ್ಕ್ಯಾನ್ ಮಾಡಿದ್ರೆ ಮುಗೀತಲ್ಲ” ಎನ್ನುವ ಮಾತೂ ದಿನಾ ಕೇಳುವಂಥದ್ದೇ. ಪಹಣಿ ಕಂಪ್ಯೂಟರಿಗೆ ಬಂದದ್ದು ದೊಡ್ಡ ಉಪಕಾರ, ಅನುಮಾನವಿಲ್ಲ. ಆದರೆ ಯಾವ ಕಚೇರಿಯ, ಯಾವ ವರ್ಷದ, ಯಾವ ಕಡತದ ಹಾಳೆ ಎಂಬ ವಿವರ ಬರೆಯದ ಸ್ಕ್ಯಾನು ಹುಡುಕುವವರ ಪಾಲಿಗೆ ಇದ್ದೂ ಇಲ್ಲದಂತೆ.

ಕಾಯ್ದೆಯ ಆಚೆ ಉಳಿದದ್ದು

1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಕೇಂದ್ರ ಸರ್ಕಾರದ ಕಾಗದದ ಕುರಿತದ್ದು. ಕಾಟನ್ ಮಿಲ್ಲುಗಳಿಂದ ಹೆಸರಾದ ಊರು ದಾವಣಗೆರೆ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇತ್ ಯಂತ್ರ ಮಾಡಿದ ಊರು ಹರಿಹರ. ಇಂಥ ಖಾಸಗಿ ಕಾರ್ಖಾನೆಗಳ ಹಾಜರಿ ಪುಸ್ತಕ, ಯಂತ್ರದ ನಕ್ಷೆ, ಕಾರ್ಮಿಕ ಸಂಘಗಳ ನಡಾವಳಿ ಆ ಕಾಯ್ದೆಯ ಆಸರೆಗೆ ಬರುವುದಿಲ್ಲ. ಸಾವಿರಾರು ಕುಟುಂಬಗಳ ದುಡಿಮೆಯ ಲೆಕ್ಕ ಯಾರದೋ ಅಟ್ಟದ ಮೇಲೆ ಇದ್ದರುಂಟು. ಅಂಥ ಮನೆಗಳಲ್ಲಿ ನನ್ನದೊಂದು ಕೋರಿಕೆ: ರದ್ದಿಗೆ ಹಾಕುವ ಮೊದಲು ಬಲ್ಲವರಿಗೆ ತೋರಿಸಿ. ಕಟ್ಟು ಬಿಚ್ಚಿ ಹೊಸದಾಗಿ ಜೋಡಿಸಬೇಡಿ. ಇದ್ದ ಕ್ರಮವೇ ಅರ್ಧ ಮಾಹಿತಿ.

ಸರ್ಕಾರಿ ಕಡತಕ್ಕೂ ಗಡುವುಂಟು. ನಮ್ಮ ಕಚೇರಿಗಳಲ್ಲಿ ‘ಎ’ ವರ್ಗದ್ದು ಶಾಶ್ವತ. ‘ಬಿ’ 30 ವರ್ಷ, ‘ಸಿ’ 10, ‘ಡಿ’ 5, ‘ಇ’ ಒಂದು ವರ್ಷ. 2027ರ ಆಗಸ್ಟ್‌ಗೆ ಜಿಲ್ಲೆಗೆ ಮೂವತ್ತು ತುಂಬುತ್ತದೆ. ಹೊಸ ಜಿಲ್ಲೆ ಹೇಗೆ ಕಾಲೂರಿತು ಎಂದು ಹೇಳಬಲ್ಲ ಮೊದಲ ತಿಂಗಳುಗಳ ‘ಬಿ’ ವರ್ಗದ ಕಡತಗಳ ಗಡುವು ಅಲ್ಲಿಂದಾಚೆ ಒಂದೊಂದಾಗಿ ತೀರುತ್ತದೆ. ವಿಲೇವಾರಿ ಪಟ್ಟಿಗೆ ಸಹಿ ಬೀಳುವ ಮುನ್ನ ಅದನ್ನು ಓದಿ, “ಇದು ಉಳಿಯಬೇಕು” ಎಂದು ಕಾರಣ ಸಹಿತ ಹೇಳಬಲ್ಲವರು ಬೇಕು. ಅದನ್ನೇ ಕಲಿತು ಬಂದ ನಮ್ಮೂರಿನ ಹುಡುಗ ಹುಡುಗಿಯರಿಗೆ ಜಿಲ್ಲಾಡಳಿತದಲ್ಲಿ ಒಂದು ಖಾಯಂ ಹುದ್ದೆ ಕೇಳಲು ಇದೇ ತಕ್ಕ ಹೊತ್ತು.