ಒಕ್ಕೂಟದ ಮೈಕಿಗೆ ಕ್ಲ್ಯಾಂಪ್ ಕೊಳ್ಳುವ ಮುಂಚೆ



ಮಾನ್ವಿ ತಾಲೂಕಿನ ಒಂದು ಒಕ್ಕೂಟದ ವಾರ್ಷಿಕ ಸಭೆಯಲ್ಲಿ ನಾವು ಕಣ್ಣಾರೆ ಕಂಡದ್ದನ್ನು ಮೊದಲು ಹೇಳುತ್ತೇವೆ. ಲೆಕ್ಕ ಓದಲಿಕ್ಕೆ ಪ್ರತಿನಿಧಿ ಅಕ್ಕ ಒಬ್ಬರು ಎದ್ದು ನಿಂತರು. ಒಂದು ಕೈಯಲ್ಲಿ ಮೈಕು, ಇನ್ನೊಂದು ಕೈಯಲ್ಲಿ ದೊಡ್ಡ ಲೆಡ್ಜರ್ ಪುಸ್ತಕ. ಫ್ಯಾನಿನ ಗಾಳಿಗೆ ಹಾಳೆ ಮಗುಚಿತು. ಹಾಳೆ ಹಿಡಿಯಲು ಹೋದರೆ ಮೈಕು ಬಾಯಿಂದ ದೂರ ಆಯಿತು, ಮೈಕು ಹತ್ತಿರ ತಂದರೆ ಸಾಲು ತಪ್ಪಿತು. ಮುಂದಿನ ಕುರ್ಚಿಯಲ್ಲಿದ್ದ ಅತಿಥಿಯೊಬ್ಬರು ಎದ್ದು ಬಂದು, “ಕೊಡು ತಾಯಿ ಇಲ್ಲಿ, ನಾ ಓದ್ತೀನಿ” ಅಂತ ಮೈಕನ್ನೂ ಪುಸ್ತಕವನ್ನೂ ತಾವೇ ತೆಗೆದುಕೊಂಡರು. ವರ್ಷವಿಡೀ ಲೆಕ್ಕ ಬರೆದವರು ಸುಮ್ಮನೆ ಹೋಗಿ ಕೂತರು. ಹಿಂದೆ ಯಾರೋ, “ಪಾಪ, ಆಕೀಗೆ ಓದಾಕ ಬರಂಗಿಲ್ಲ” ಅಂದದ್ದು ನಮ್ಮ ಕಿವಿಗೂ ಬಿತ್ತು.

ಆ ಅಕ್ಕನಿಗೆ ಓದಲು ಚೆನ್ನಾಗಿ ಬರುತ್ತಿತ್ತು. ಇಲ್ಲದ್ದು ಒಂದೇ, ಮೈಕು ಹಿಡಿಯಲು ಮೂರನೇ ಕೈ. ಟೇಬಲ್ಲಿನ ಅಂಚಿಗೆ ಬಿಗಿಯುವ ಒಂದು ಕ್ಲ್ಯಾಂಪ್ ಆ ಕೆಲಸ ಮಾಡುತ್ತದೆ. ಇದು ದೊಡ್ಡ ಖರ್ಚಿನ ವಸ್ತು ಅಲ್ಲ. ಆದರೆ ನೋಡದೆ ಕೊಂಡರೆ ಸಂಘದ ದುಡ್ಡು ದಂಡ. ನಾವೂ ಒಮ್ಮೆ ದಂಡ ಕೊಟ್ಟವರೇ. ಆದ್ದರಿಂದ ನಾವು ಕಲಿತದ್ದನ್ನು ಇಲ್ಲಿ ಬರೆದಿದ್ದೇವೆ.

ಕ್ಲ್ಯಾಂಪ್ ಅಂದರೆ ಏನು?

ಬೇಸಿಗೆಯಲ್ಲಿ ಶಾವಿಗಿ ಮಾಡುವ ಕೈಮಷೀನು ನಿಮಗೆಲ್ಲ ಗೊತ್ತು. ಅದನ್ನು ಮಂಚದ ಪಟ್ಟಿಗೋ ಬೆಂಚಿನ ಅಂಚಿಗೋ ಸಿಕ್ಕಿಸಿ, ಕೆಳಗಿನಿಂದ ತಿರುಪು ತಿರುಗಿಸಿ ಬಿಗಿಯುತ್ತೇವೆ. ಬಿಗಿ ಸರಿ ಇದ್ದರೆ ಎಷ್ಟು ತಿರುವಿದರೂ ಅಲುಗಾಡುವುದಿಲ್ಲ. ಮೈಕಿನ ಕ್ಲ್ಯಾಂಪ್ ಕೂಡ ಅದೇ ಜಾತಿಯದು. ಮೇಲೊಂದು ದವಡೆ, ಕೆಳಗೊಂದು ತಿರುಪು, ನಡುವೆ ಟೇಬಲ್ಲಿನ ಹಲಗೆ. ಅದರ ಮೇಲೆ ಮೈಕು ಹಿಡಿಯುವ ಕೋಲು ಅಥವಾ ಬಾಗುವ ಕೊಳವೆ ಇರುತ್ತದೆ. ಕೋಲಿನ ತುದಿಗೆ ಮೈಕು ಕೂರಿಸುವ ಹಿಡಿಕೆ ಬೇರೆ ಬರುತ್ತದೆ. ಅಂಗಡಿಯಲ್ಲಿ ಈ ಎರಡನ್ನೂ ಕೇಳಿ ಪಡೆಯಬೇಕು. ಕ್ಲ್ಯಾಂಪ್ ತಂದು ಹಿಡಿಕೆ ಮರೆತರೆ ಇನ್ನೊಮ್ಮೆ ಬಸ್ ಚಾರ್ಜು.

ಮೊದಲು ಟೇಬಲ್ ಅಳೆಯಿರಿ

ರಾಯಚೂರು ನಗರದಲ್ಲಿ ತರಬೇತಿ ನಡೆಸುವ ಹಾಲಿಗೆ ನಾವು ಮೊದಲು ತಂದ ಕ್ಲ್ಯಾಂಪ್ ನೋಡಲು ಚಂದ ಇತ್ತು. ತಂದು ನೋಡಿದರೆ ಅದರ ಬಾಯಿ ನಮ್ಮ ಟೇಬಲ್ಲಿನ ಅಂಚಿಗೆ ಹಿಡಿಸಲೇ ಇಲ್ಲ. ಹಲಗೆ ತೆಳ್ಳಗಿತ್ತು, ಆದರೆ ಅಂಚಿನಲ್ಲಿ ಕೆಳಮುಖವಾಗಿ ದಪ್ಪ ಪಟ್ಟಿ ಹೊಡೆದಿದ್ದರು. ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ತಪ್ಪು ನಮ್ಮದೇ, ಟೇಬಲ್ ಅಳೆಯದೆ ಹೋಗಿದ್ದೆವು.

ನೀವು ಹಾಗೆ ಮಾಡಬೇಡಿ. ನಿಮ್ಮಲ್ಲಿ ರವಿಕೆ ಹೊಲಿಯುವವರ ಹತ್ತಿರ ಟೇಪು ಇದ್ದೇ ಇರುತ್ತದೆ. ಅದರಿಂದ ಮೂರು ಅಳತೆ ತೆಗೆದು ಚೀಟಿಯಲ್ಲಿ ಬರೆಯಿರಿ.

1. ಅಂಚಿನ ಒಟ್ಟು ದಪ್ಪ. ಹಲಗೆ ಮತ್ತು ಅದರ ಕೆಳಗಿನ ಪಟ್ಟಿ ಎರಡೂ ಸೇರಿ. ಕ್ಲ್ಯಾಂಪಿನ ಬಾಯಿ ಇದಕ್ಕಿಂತ ಸ್ವಲ್ಪ ದೊಡ್ಡದಿರಬೇಕು.

2. ಅಂಚಿನಿಂದ ಒಳಗೆ ಎಷ್ಟು ಜಾಗ ಇದೆ. ಟೇಬಲ್ಲಿನ ಕೆಳಗೆ ಕೈ ಹಾಕಿ ನೋಡಿ. ತಿರುಪಿನ ಬಿಲ್ಲೆ ಕೂರಲು ಸಮತಟ್ಟಾದ ಜಾಗ ಬೇಕು. ಕಬ್ಬಿಣದ ಆಫೀಸ್ ಟೇಬಲ್ಲುಗಳಲ್ಲಿ ತಗಡನ್ನು ಒಳಗೆ ಮಡಚಿರುತ್ತಾರೆ. ಅಲ್ಲಿ ಬಿಲ್ಲೆ ಜಾರುತ್ತದೆ. ಡ್ರಾಯರ್ ಇದ್ದರೆ ಅದೂ ಅಡ್ಡ ಬರುತ್ತದೆ.

3. ಮಾತಾಡುವವರ ಬಾಯಿಯ ಎತ್ತರ. ಕೂತು ಮಾತಾಡುವವರಿಗೆ ಟೇಬಲ್ಲಿನಿಂದ ಬಾಯಿಗೆ ಎಷ್ಟು, ನಿಂತು ಮಾತಾಡುವವರಿಗೆ ಎಷ್ಟು ಅಂತ ಇಬ್ಬರು ಮೂವರನ್ನು ಕೂರಿಸಿ, ನಿಲ್ಲಿಸಿ ಅಳೆಯಿರಿ. ಎಲ್ಲರಿಗಿಂತ ಗಿಡ್ಡ ಇರುವ ಅಕ್ಕನನ್ನು ಮರೆಯಬೇಡಿ. ಮೈಕು ಆಕೆಯ ಬಾಯಿಗೂ ಇಳಿಯಬೇಕು.

ಗಾಜಿನ ಟೇಬಲ್ಲಿಗೆ ಕ್ಲ್ಯಾಂಪ್ ಹಾಕಲೇಬೇಡಿ, ಬಿಗಿದಾಗ ಒಡೆಯಬಹುದು. ತೆಳ್ಳಗಿನ ಪ್ಲಾಸ್ಟಿಕ್ ಟೇಬಲ್ಲೂ ಬೇಡ, ಅಂಚು ಬಾಗುತ್ತದೆ. ದೇವದುರ್ಗ ಕಡೆಯ ಹಳ್ಳಿಗಳಲ್ಲಿ ಸಮುದಾಯ ಭವನದ ಸಭೆಗೆ ಬಹಳ ಸಲ ಪ್ಲಾಸ್ಟಿಕ್ ಟೇಬಲ್ಲೇ ಸಿಗುತ್ತದೆ. ಅಂಥಲ್ಲಿ ತಳ ಭಾರ ಇರುವ ಸಣ್ಣ ಟೇಬಲ್ ಸ್ಟ್ಯಾಂಡ್ ಅಥವಾ ನೆಲದ ಮೇಲೆ ನಿಲ್ಲುವ ಉದ್ದ ಸ್ಟ್ಯಾಂಡ್ ಒಳ್ಳೆಯದು. ಒಂದೇ ಕಡೆ ಗಟ್ಟಿ ಮರದ ಟೇಬಲ್ ಇದ್ದು, ಸಭೆ ಯಾವಾಗಲೂ ಅಲ್ಲೇ ನಡೆಯುವುದಾದರೆ ಮಾತ್ರ ಕ್ಲ್ಯಾಂಪಿಗೆ ದುಡ್ಡು ಹಾಕಿ.

ಯಾವ ತರಹದ್ದು ತಗೋಬೇಕು?

ಸಾಮಾನ್ಯವಾಗಿ ಮೂರು ತರಹ ಸಿಗುತ್ತವೆ.

ಮೊದಲನೆಯದು ಗಿಡ್ಡ ಕೋಲಿನ ಕ್ಲ್ಯಾಂಪ್. ಗಟ್ಟಿ, ಅಗ್ಗ. ಆದರೆ ಎತ್ತರ ಸಿಗುವುದಿಲ್ಲ. ಕೂತು ಮಾತಾಡುವವರಿಗೆ ಮಾತ್ರ ಸರಿ.

ಎರಡನೆಯದು ಬಾಗುವ ಕತ್ತಿನದು. ಅಂಗಡಿಯವರು ಗೂಸ್‌ನೆಕ್ ಅನ್ನುತ್ತಾರೆ. ಬೇಕಾದ ಕಡೆ ಬಾಗಿಸಿದರೆ ಹಾಗೇ ನಿಲ್ಲುತ್ತದೆ. ಒಬ್ಬರಾದ ಮೇಲೆ ಒಬ್ಬರು ಬಂದು ಮಾತಾಡುವ ನಮ್ಮ ಸಭೆಗಳಿಗೆ ಇದೇ ಅನುಕೂಲ. ಆದರೆ ಉದ್ದ ಇದ್ದಷ್ಟೂ ಒಳ್ಳೆಯದು ಅಂದುಕೊಳ್ಳಬೇಡಿ. ತುಂಬಿದ ಕೊಡ ಸೊಂಟದ ಮೇಲಿದ್ದರೆ ಊರತನಕ ನಡೆಯುತ್ತೇವೆ, ಅದೇ ಕೊಡವನ್ನು ಕೈ ಚಾಚಿ ಹಿಡಿದರೆ ನಾಲ್ಕು ಹೆಜ್ಜೆಗೆ ತೋಳು ಬೀಳುತ್ತದೆ. ಕೈಯಲ್ಲಿ ಹಿಡಿಯುವ ಮೈಕು ಸುಮಾರು 300 ಗ್ರಾಂ ತೂಗುತ್ತದೆ, ವೈರಿನ ಭಾರ ಬೇರೆ. ತೆಳ್ಳಗಿನ ಉದ್ದ ಕತ್ತಿಗೆ ಅದನ್ನು ಸಿಕ್ಕಿಸಿದರೆ ಮಾತಿನ ನಡುವೆ ಮೈಕು ಮೆಲ್ಲಗೆ ತಲೆ ತಗ್ಗಿಸುತ್ತದೆ. ಬೇಕಾದಷ್ಟೇ ಉದ್ದದ, ದಪ್ಪ ಕತ್ತಿನದನ್ನು ಆರಿಸಿ.

ಮೂರನೆಯದು ಸ್ಪ್ರಿಂಗ್ ಇರುವ ಮಡಚುವ ತೋಳು. ರೇಡಿಯೋ ಕೋಣೆಗಳಲ್ಲಿ ಇದು ಕಾಣುತ್ತದೆ. ಬಾಯಿಯ ಮುಂದೆ ಎಳೆದುಕೊಳ್ಳಬಹುದು, ಕೆಲಸ ಮುಗಿದ ಮೇಲೆ ಆಚೆ ಸರಿಸಬಹುದು. ಇದು ಒಂದು ಕಡೆ ಕೂತು ಧ್ವನಿ ಮುದ್ರಿಸುವ ಕೆಲಸಕ್ಕೆ ಹೇಳಿದ್ದು. ಮಕ್ಕಳು ಓಡಾಡುವ ಸಭೆಗೆ, ನಮ್ಮ ಧೂಳಿಗೆ ಅಷ್ಟು ಹೊಂದುವುದಿಲ್ಲ.

“ರೇಡಿಯೋ ಕೋಣೆ ನಮಗ್ಯಾಕ್ರೀ?” ಅಂತ ನೀವು ಕೇಳಬಹುದು. ಸಂಘದ ಹೆಣ್ಣುಮಕ್ಕಳು ಅಂಥ ಕೋಣೆಯಲ್ಲೂ ಕೂತಿದ್ದಾರೆ. ಬೀದರ್ ಜಿಲ್ಲೆಯ ಪಕ್ಕದಲ್ಲೇ ಇರುವ ತೆಲಂಗಾಣದ ಜಹೀರಾಬಾದ್ ಭಾಗದ ಮಾಚನೂರಿನಲ್ಲಿ 2008ರ ಅಕ್ಟೋಬರ್ 15ರಂದು ‘ಸಂಗಂ ರೇಡಿಯೋ’ ಶುರುವಾಯಿತು. ಅದನ್ನು ನಡೆಸಿದವರು ಊರಿನ ದಲಿತ ಹೆಣ್ಣುಮಕ್ಕಳು. ಬಿತ್ತನೆ, ಬೀಜ, ಹಾಡು, ಹಬ್ಬ ಎಲ್ಲವನ್ನೂ ತಮ್ಮ ಮಾತಿನಲ್ಲೇ ಹೇಳಿದರು. ನಮ್ಮ ರಾಜ್ಯದಲ್ಲಿ ಅದಕ್ಕೂ ಮೊದಲೇ, ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಕೇಂದ್ರ ಆರಂಭವಾಗಿತ್ತು. ಸ್ವಂತ ರೇಡಿಯೋ ನಡೆಸಲು ಆಗ ಊರಿನವರಿಗೆ ಪರವಾನಗಿ ಸಿಗುತ್ತಿರಲಿಲ್ಲ. ಅದಕ್ಕೆ ಕೇಬಲ್ ಮೂಲಕ ಮನೆಮನೆಗೆ ಕಾರ್ಯಕ್ರಮ ಕಳಿಸಿದರು. ಸ್ವಸಹಾಯ ಸಂಘಗಳ ಸದಸ್ಯೆಯರೂ ಅಲ್ಲಿ ಕಾರ್ಯಕ್ರಮ ಮಾಡಿದರು. ಸರ್ಕಾರೇತರ ಸಂಸ್ಥೆಗಳಿಗೆ ಸಮುದಾಯ ರೇಡಿಯೋ ನಡೆಸಲು ಕೇಂದ್ರ ಸರ್ಕಾರ ಅವಕಾಶ ಕೊಟ್ಟದ್ದು 2006ರಲ್ಲಿ. ಮೈಕಿನ ಮುಂದೆ ಕೂರಲು ದೊಡ್ಡ ಓದು ಬೇಕಿಲ್ಲ ಅಂತ ಈ ಅಕ್ಕಂದಿರು ತೋರಿಸಿಕೊಟ್ಟಿದ್ದಾರೆ.

ಅಂಗಡಿಯಲ್ಲಿ ಏನು ನೋಡಬೇಕು?

ರಾಯಚೂರಿಗೆ ಹೋಗುವಾಗ ಅಳತೆ ಚೀಟಿಯ ಜೊತೆಗೆ ನಿಮ್ಮ ಮೈಕು ಮತ್ತು ಅದರ ಹಿಡಿಕೆಯನ್ನೂ ಚೀಲದಲ್ಲಿ ಹಾಕಿಕೊಳ್ಳಿ. ಕಾರಣ ಇದೆ. ಹಿಡಿಕೆಯ ಒಳಗಿನ ತಿರುಪಿನ ಎಳೆ ಎಲ್ಲ ಕಂಪನಿಯದೂ ಒಂದೇ ಇರುವುದಿಲ್ಲ. ಹೆಚ್ಚಾಗಿ 5/8 ಇಂಚು ಮತ್ತು 3/8 ಇಂಚು ಅಂತ ಎರಡು ಅಳತೆ ಇವೆ. ಒಂದಕ್ಕೆ ಇನ್ನೊಂದು ಕೂರುವುದಿಲ್ಲ. ಹೊಂದದಿದ್ದರೆ ಅಡಾಪ್ಟರ್ ಎಂಬ ಸಣ್ಣ ಲೋಹದ ಬಳೆ ಸಿಗುತ್ತದೆ, ಕೇಳಿ ತಗೊಳ್ಳಿ. ಬಲವಂತದಿಂದ ತಿರುಗಿಸಿದರೆ ಎಳೆ ಹಾಳಾಗುತ್ತದೆ.

ಅಂಗಡಿಯವರ ಟೇಬಲ್ಲಿಗೇ ಕ್ಲ್ಯಾಂಪ್ ಬಿಗಿದು, ನಿಮ್ಮ ಮೈಕು ಸಿಕ್ಕಿಸಿ, ಕತ್ತು ಮುಂದಕ್ಕೆ ಬಾಗಿಸಿ ಬಿಡಿ. ಐದು ನಿಮಿಷ ಬೇರೆ ಮಾತಾಡಿ. ಆಮೇಲೆ ನೋಡಿ, ಮೈಕು ಕೆಳಗೆ ಇಳಿದಿದ್ದರೆ ಅದು ಬೇಡ. ದವಡೆಯಲ್ಲಿ ರಬ್ಬರ್ ಇದೆಯೇ ನೋಡಿ. ತಿರುಪು ಪ್ಲಾಸ್ಟಿಕ್ಕಿನದೋ ಕಬ್ಬಿಣದ್ದೋ ನೋಡಿ. ಬಿಸಿಲಿಗೆ ಬಿದ್ದ ಪ್ಲಾಸ್ಟಿಕ್ ಬೇಗ ಪೆಡಸಾಗಿ ಒಡೆಯುತ್ತದೆ, ನಮ್ಮ ಬೇಸಿಗೆ ಹೇಗೆ ಅಂತ ಹೇಳಬೇಕಿಲ್ಲ. ಈಗ ಮೊಬೈಲಿನಲ್ಲೂ ತರಿಸಬಹುದು. ಆದರೆ ಕೈಯಲ್ಲಿ ಹಿಡಿದು ನೋಡಲಿಕ್ಕಾಗುವುದಿಲ್ಲ. ತರಿಸುವುದಾದರೆ ಬಾಯಿಯ ಅಳತೆ ಮತ್ತು ಎಷ್ಟು ಭಾರ ತಡೆಯುತ್ತದೆ ಅನ್ನುವುದನ್ನು ಓದಿ, ವಾಪಸ್ ಕೊಡಲು ಅವಕಾಶ ಇದೆಯೇ ತಿಳಿದುಕೊಳ್ಳಿ.

ಬಿಗಿಯುವಾಗ, ಮಾತಾಡುವಾಗ

ಟೇಬಲ್ ಬಟ್ಟೆಯ ಮೇಲೆ ಬಿಗಿಯಬೇಡಿ, ಜಾರುತ್ತದೆ. ಬಟ್ಟೆ ಸರಿಸಿ, ರಬ್ಬರ್ ಇಲ್ಲದಿದ್ದರೆ ಹಳೆಯ ಸೈಕಲ್ ಟ್ಯೂಬಿನ ತುಂಡು ಇಟ್ಟು ಬಿಗಿಯಿರಿ. ಅಲುಗಾಡದಷ್ಟು ಬಿಗಿ ಸಾಕು. ವೈರನ್ನು ಕೋಲಿಗೆ ಎರಡು ಕಡೆ ಸಡಿಲವಾಗಿ ಕಟ್ಟಿ. ಯಾರಾದರೂ ಎಡವಿದರೂ ಮೈಕು ಕಿತ್ತು ಬರಬಾರದು.

ಮೈಕು ಟೇಬಲ್ಲಿಗೆ ಅಂಟಿದ ಮೇಲೆ ಟೇಬಲ್ಲಿನ ಸದ್ದೆಲ್ಲ ಅದಕ್ಕೆ ಕೇಳುತ್ತದೆ. ಸೀಲು ಹೊಡೆಯುವುದು, ನಗದು ಪೆಟ್ಟಿಗೆ ಮುಚ್ಚುವುದು, ಬಳೆ ತಾಗುವುದು, ಎಲ್ಲವೂ ಧಡ್ ಅಂತ ಹಾಲಿನ ತುಂಬ ಕೇಳುತ್ತದೆ. ಸೀಲು ಮತ್ತು ಪೆಟ್ಟಿಗೆಯನ್ನು ಬೇರೆ ಟೇಬಲ್ಲಿಗೆ ಹಾಕಿ. ಮೈಕು ಬಾಯಿಂದ ನಾಲ್ಕು ಬೆರಳಿನಿಂದ ಒಂದು ಗೇಣಿನೊಳಗೆ ಇರಲಿ. ಊದಿ ನೋಡಬೇಡಿ, ಬೆರಳಿನಿಂದ ಬಡಿಯಬೇಡಿ, ಹೆಸರು ಹೇಳಿ ಪರೀಕ್ಷಿಸಿ. ಸ್ಪೀಕರ್ ಪೆಟ್ಟಿಗೆ ಯಾವಾಗಲೂ ಮೈಕಿಗಿಂತ ಮುಂದೆ, ಜನರ ಕಡೆ ಮುಖ ಮಾಡಿರಲಿ. ಅದರ ಸದ್ದು ತಿರುಗಿ ಮೈಕಿಗೆ ಬಿದ್ದರೇ ಕುಂಯ್ ಅಂತ ಕಿರುಚುವುದು.

ಒಂದು ಎಚ್ಚರಿಕೆ. ಮೈಕು, ಕ್ಲ್ಯಾಂಪ್, ಟೇಬಲ್ ಮೂರೂ ಕಬ್ಬಿಣದ್ದಾಗಿದ್ದು ಆಂಪ್ಲಿಫೈಯರಿಗೆ ಅರ್ಥಿಂಗ್ ಇಲ್ಲದಿದ್ದರೆ ಕರೆಂಟು ಹೊಡೆಯಬಹುದು. ಮೂರು ಪಿನ್ನಿನ ಪ್ಲಗ್ಗನ್ನೇ ಬಳಸಿ, ಒದ್ದೆ ಕೈಯಲ್ಲಿ ಮುಟ್ಟಬೇಡಿ. ಮುಟ್ಟಿದಾಗ ಚುರುಕ್ ಅಂದರೆ ಮಾತು ನಿಲ್ಲಿಸಿ, ಸ್ವಿಚ್ ಆರಿಸಿ, ಎಲೆಕ್ಟ್ರಿಷಿಯನ್ ಕರೆಸಿ. “ಸ್ವಲ್ಪ ಅಷ್ಟೇ” ಅಂತ ಬಿಡಬೇಡಿ.

ದುಡ್ಡು ಮತ್ತು ದಾಖಲೆ

ಸಣ್ಣ ವಸ್ತುವಾದರೂ ಒಕ್ಕೂಟದ ಸಭೆಯಲ್ಲಿ ಚರ್ಚಿಸಿ ಠರಾವು ಬರೆಯಿರಿ. ಎರಡು ಮೂರು ಅಂಗಡಿಯ ದರ ಕೇಳಿ. ಇಬ್ಬರು ಸದಸ್ಯೆಯರು ಜೊತೆಯಾಗಿ ಹೋಗಿ, ಬಿಲ್ ಪಡೆದು, ಆಸ್ತಿ ಪುಸ್ತಕದಲ್ಲಿ ಏರಿಸಿ. ಯಾರ ಸುಪರ್ದಿಯಲ್ಲಿ ಇರುತ್ತದೆ ಅಂತಲೂ ಬರೆಯಿರಿ. ಬೇರೆ ಸಂಘಕ್ಕೆ ಕೊಟ್ಟರೆ ಪುಸ್ತಕದಲ್ಲಿ ಸಹಿ ಹಾಕಿಸಿಕೊಳ್ಳಿ.

ಕೊನೆಯ ಮಾತು

ಗ್ರಾಮ ಪಂಚಾಯಿತಿಯಲ್ಲಿ ಅರ್ಧ ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲಿದೆ. ಗ್ರಾಮಸಭೆಯಲ್ಲಿ ಪ್ರಶ್ನೆ ಕೇಳುವ ಹಕ್ಕು ನಿಮಗೆಲ್ಲರಿಗೂ ಇದೆ. ಆದರೆ ಕೈಯಿಂದ ಕೈಗೆ ಹೋಗುವ ಮೈಕು ಬಹಳ ಸಲ ನಿಮ್ಮ ತನಕ ಬರುವುದೇ ಇಲ್ಲ. ಕೊಡುವವರು ಕೊಟ್ಟರೆ ಮಾತು, ಕಸಿದುಕೊಂಡರೆ ಮೌನ. ಟೇಬಲ್ಲಿಗೆ ಬಿಗಿದ ಮೈಕನ್ನು ಯಾರೂ ಸುಲಭವಾಗಿ ಕಸಿಯಲಾರರು. ಎದ್ದು ಹೋಗಿ ಅದರ ಮುಂದೆ ನಿಂತವರ ಸರದಿ ಅದು. ಹಾಗಂತ ಕ್ಲ್ಯಾಂಪ್ ಧೈರ್ಯ ಕೊಡುವುದಿಲ್ಲ, ಧೈರ್ಯ ಮಾಡಿ ಎದ್ದವರ ಕೈ ಬಿಡಿಸಿಕೊಡುತ್ತದೆ, ಅಷ್ಟೇ.

ಮುಂದಿನ ವರ್ಷ ಅದೇ ಒಕ್ಕೂಟದಲ್ಲಿ ಅದೇ ಅಕ್ಕ ಲೆಕ್ಕ ಓದಿದರು. ಮೈಕು ಟೇಬಲ್ಲಿನ ಅಂಚಿನಲ್ಲಿತ್ತು. ಎಡಗೈಯಲ್ಲಿ ಹಾಳೆ ಒತ್ತಿ ಹಿಡಿದು, ಬಲಗೈ ಬೆರಳನ್ನು ಸಾಲಿನ ಮೇಲೆ ಇಟ್ಟು, ಉಳಿತಾಯ, ಸಾಲ, ಬಡ್ಡಿ, ಬಾಕಿ ಎಲ್ಲವನ್ನೂ ನಿಧಾನಕ್ಕೆ ಹೇಳಿದರು. ಒಂದು ಸಾಲ ಯಾಕೆ ಬಾಕಿ ಉಳಿದಿದೆ ಅಂತ ಹಿಂದಿನಿಂದ ಒಬ್ಬರು ಪ್ರಶ್ನೆ ಕೇಳಿದರು. ಹಿಂದಿನ ಹಾಳೆ ತಿರುವಿ ಉತ್ತರ ಕೊಟ್ಟದ್ದೂ ಅವರೇ.

ನಿಮ್ಮ ಮುಂದಿನ ವಾರದ ಸಭೆಗೆ ಒಂದು ಟೇಪು ತನ್ನಿ. ಟೇಬಲ್ ಅಳೆಯಿರಿ. ಆಮೇಲೆ ಮೈಕು ಇಲ್ಲದೆಯೇ ಪ್ರತಿಯೊಬ್ಬರೂ ಟೇಬಲ್ಲಿನ ಮುಂದೆ ನಿಂತು ತಮ್ಮ ಹೆಸರು, ತಮ್ಮ ಉಳಿತಾಯ, ಊರಿಗೆ ಬೇಕಾದ ಒಂದು ಕೆಲಸ, ಇಷ್ಟನ್ನು ಗಟ್ಟಿಯಾಗಿ ಹೇಳಿ. ದೇವರು ಕೊಟ್ಟ ದನಿ ನಿಮ್ಮದು. ಅದನ್ನು ಮೊದಲು ಅಭ್ಯಾಸ ಮಾಡೋಣ, ಕ್ಲ್ಯಾಂಪ್ ಆಮೇಲೆ ತರೋಣ.