ಕಿವಿಗೆ ಸಿಕ್ಕ ಊರುಗಳು

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ತಿರುಗುವ ಭಜನೆ ಮೇಳಗಳಿಗೆ ಪ್ರತಿ ಊರಿನ ದನಿಯೂ ಬೇರೆ

ಮೇಳ ಊರಿಗೆ ಬಂದಿಳಿದ ಮೇಲೆ ಹಾಡಿಗೆ ಮೊದಲು ಚರ್ಮವಾದ್ಯವಾದ ದಮ್ಮಡಿಯ ಹದ ನೋಡಬೇಕು. ಭೀಮಾ ನದಿಯ ದಂಡೆಯ ಊರಾದರೆ ತೇವಕ್ಕೆ ಚರ್ಮ ಸಡಿಲಾಗಿ ದನಿ ಮಂಕಾಗುತ್ತದೆ. ಬೆಂಕಿಗೆ ಹಿಡಿದು ಬೆರಳಿನಿಂದ ಬಡಿದು, ಬಿಗಿ ಬರುವವರೆಗೆ ಕಾಯಿಸುತ್ತಾರೆ. ಬೇಸಿಗೆಯ ಎರೆನೆಲದಲ್ಲಿ ಆ ಕೆಲಸವೇ ಇಲ್ಲ. ಊರಿನ ಹವೆ ಕಲಾವಿದನಿಗೆ ಮೊದಲು ತಿಳಿಯುವುದು ಹೀಗೆ.

ಪದ ಹಿಡಿದ ದಾರಿ

ಈ ಮೇಳಗಳು ಹಾಡುವ ತತ್ವಪದಗಳನ್ನು ಕಟ್ಟಿದವರಲ್ಲಿ ಒಬ್ಬರಾದ ಕಡಕೋಳ ಮಡಿವಾಳಪ್ಪನವರು ಹುಟ್ಟಿದ್ದು ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ. ನೆಲೆನಿಂತ ಕಡಕೋಳ ಹಿಂದೆ ಜೇವರ್ಗಿ ತಾಲ್ಲೂಕಿನಲ್ಲಿತ್ತು, ಇಂದು ಯಡ್ರಾಮಿ ತಾಲ್ಲೂಕಿಗೆ ಸೇರಿದೆ. ಚನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ ಅವರ ಶಿಷ್ಯರು. ಜಾತಿ-ಮತ ಕೇಳದ ಆ ಬಳಗದ ಪದಗಳು ಏಕತಾರಿಯ ಶ್ರುತಿ ಹಿಡಿದು ಊರೂರು ಸುತ್ತಿದವು.

ಗೋಡೆಯೂ ಹಾಡುತ್ತದೆ

ಮಣ್ಣಿನ ಮಾಳಿಗೆ ಮನೆ ದನಿಯನ್ನು ಹೀರುತ್ತದೆ. ಅಲ್ಲಿ ಮೆಲ್ಲಗೆ ಎತ್ತಿದ ಸೊಲ್ಲೂ ಸ್ಪಷ್ಟ. ಶಹಾಬಾದ್ ಕಲ್ಲು ಹಾಸಿದ ಮಠದಲ್ಲಿ ತಾಳದ ಸದ್ದು ತಿರುಗಿ ಬರುತ್ತದೆ, ಲಯ ತುಸು ನಿಧಾನಿಸಬೇಕು. ಚಳಿಗಾಲದ ರಾತ್ರಿ ನೆಲದ ಗಾಳಿ ತಂಪಾಗಿ ಮೇಲಿನದು ಬೆಚ್ಚಗಿದ್ದರೆ ಮೇಲೇರಿದ ದನಿ ಬಾಗಿ ಕೆಳಗಿಳಿಯುತ್ತದೆ, ಜೋಳದ ಹೊಲ ದಾಟಿ ದೂರ ಹೋಗುತ್ತದೆ.

ನೆರೆಯ ದನಿಗಳೂ ಊರನ್ನು ಗುರುತಿಸಿಕೊಡುತ್ತವೆ. ಭೀಮಾ-ಅಮರ್ಜಾ ಸಂಗಮದ ಗಾಣಗಾಪುರದಲ್ಲಿ ಮಹಾರಾಷ್ಟ್ರದ ಭಕ್ತರ ಮರಾಠಿ ದತ್ತ ಭಜನೆ, ಆಳಂದದಲ್ಲಿ ಲಾಡ್ಲೆ ಮಶಾಕ್ ದರ್ಗಾದ ಕವ್ವಾಲಿ, ಮೊಹರಂ ಬಂದರೆ ಹಳ್ಳಿಹಳ್ಳಿಯ ಹಲಗಿ. ಇವುಗಳ ನಡುವೆ ಹಾಡಿ ಪಳಗಿದ ಕಂಠಕ್ಕೆ ತಾಲ್ಲೂಕಿನ ಗಡಿಗಿಂತ ದನಿಯ ಗಡಿಯೇ ಚೆನ್ನಾಗಿ ಗೊತ್ತು. ಭಜನೆಯಲ್ಲಿ ಮುಂದೆ ಹಾಡುವವರು ಸೊಲ್ಲು ಎತ್ತುತ್ತಾರೆ, ಮೇಳ ಹಿಂದೆ ಹಾಡುತ್ತದೆ, ಕೂತ ಜನ ದನಿಗೂಡಿಸುತ್ತಾರೆ. ಆ ದನಿಗೂಡಿಸುವಿಕೆಯಲ್ಲೇ ಊರಿನ ನುಡಿಯ ಎಳೆತ, ಅವಸರ, ಸಮಾಧಾನ ಎಲ್ಲ ಕೇಳುತ್ತವೆ.

ಜಾಗದೊಂದಿಗೆ ದಾಖಲಾಗಲಿ

ಧ್ವನಿವರ್ಧಕ ಜೋರಾದಷ್ಟೂ ಮಠ, ಮಾಳಿಗೆ, ಬಯಲು ಒಂದೇ ಥರ ಕೇಳುತ್ತವೆ. ಸ್ಟುಡಿಯೋದಲ್ಲಿ ಮುದ್ರಿಸಿದ ಪದಕ್ಕೆ ಸಾಹಿತ್ಯವಿದೆ, ಶ್ರುತಿಯಿದೆ. ಕಲ್ಲಿನ ಮರುದನಿ, ಜನರ ಉತ್ತರ ಇಲ್ಲ. ಪಠ್ಯವನ್ನು ಕಾಪಾಡಿದಷ್ಟೇ ಕಾಳಜಿಯಿಂದ ಈ ದನಿಯ ಪರಿಸರವನ್ನೂ ಕಾಪಾಡಬೇಕು. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ ಇದೆ. ಅಲ್ಲಿನ ವಿದ್ಯಾರ್ಥಿಗಳು ರೆಕಾರ್ಡರ್ ಹಿಡಿದು ಅಮಾವಾಸ್ಯೆಯ ಭಜನೆಗೆ ಹೋಗಲಿ. ಯಾವ ಊರು, ಯಾವ ಪಡಸಾಲೆ, ಯಾವ ಋತು ಎಂಬುದನ್ನು ಪ್ರತಿ ಪದದ ಜೊತೆಗೂ ಬರೆದಿಡಲಿ.