ಎಲೆಯ ಬಾಧೆ ತಿಳಿಸುವ ಅವಗೆಂಪು ಬೆಳಕು

ಬೆಳೆ ಬಾಡಿದ್ದು ಕಣ್ಣಿಗೆ ಕಾಣುವ ವೇಳೆಗೆ ಇಳುವರಿಗೆ ಪೆಟ್ಟು ಬಿದ್ದಿರುತ್ತದೆ. ಅದಕ್ಕೆ ಮುಂಚೆಯೇ ಎಲೆಯ ಸ್ಥಿತಿಯನ್ನು ತಿಳಿಸಬಲ್ಲದ್ದು ಇನ್‌ಫ್ರಾರೆಡ್, ಅಂದರೆ ಕಣ್ಣಿಗೆ ಕಾಣದ ಅವಗೆಂಪು ಬೆಳಕು.

ಹಸಿರೆಲೆಯು ಆಹಾರ ತಯಾರಿಕೆಗಾಗಿ ಕೆಂಪು ಬೆಳಕನ್ನು ಹೀರಿಕೊಂಡು, ಕೆಂಪಿಗೆ ಹತ್ತಿರದ ಅವಗೆಂಪು ಬೆಳಕಿನ ಸುಮಾರು ಅರ್ಧದಷ್ಟನ್ನು ಹಿಂದಿರುಗಿಸುತ್ತದೆ. ರೋಗದಿಂದ ಎಲೆಯ ಕೋಶಗಳು ಕುಸಿದರೆ ಈ ಪ್ರಮಾಣ ತಗ್ಗುತ್ತದೆ. 1.6 ಮೈಕ್ರಾನಿನ ಸುತ್ತಲಿನ ಬೆಳಕನ್ನು ಎಲೆಯ ನೀರು ಹೀರುತ್ತದೆ. ನೀರು ಕಡಿಮೆಯಾದಂತೆ ಅದು ಹೆಚ್ಚು ಮರಳುತ್ತದೆ.

1970ರಲ್ಲಿ ಪಿ. ಆರ್. ಪಿಷಾರಟಿಯವರ ನೇತೃತ್ವದಲ್ಲಿ ಕೇರಳದ ತೆಂಗಿನ ತೋಟಗಳನ್ನು ಹೆಲಿಕಾಪ್ಟರಿನಿಂದ ಅವಗೆಂಪು ಫಿಲ್ಮಿನಲ್ಲಿ ಚಿತ್ರಿಸಿ ಬೇರು ಸೊರಗು ರೋಗವನ್ನು ಗುರುತಿಸಲಾಯಿತು. ಮುಂದೆ ಈ ಕೆಲಸ ಉಪಗ್ರಹಗಳಿಗೆ ಬಂತು. ಅವುಗಳ ಚಿತ್ರಗಳನ್ನು ವಿಶ್ಲೇಷಿಸುವ ಇಸ್ರೋದ ಪ್ರಾದೇಶಿಕ ಕೇಂದ್ರವು ಹಲವು ವರ್ಷ ಬೆಂಗಳೂರಿನ ಬನಶಂಕರಿಯಲ್ಲಿತ್ತು. 2018ರ ನವೆಂಬರ್ 29ರಂದು ಹಾರಿಸಿದ ಹೈಸಿಸ್ ಉಪಗ್ರಹವನ್ನಂತೂ ಬೆಳಕನ್ನು ನೂರಾರು ಕಿರುಪಟ್ಟಿಗಳಾಗಿ ಸೀಳಿ ಅಳೆಯುವಂತೆ ರಚಿಸಲಾಗಿತ್ತು.

ಆದರೆ ಇದರ ಮಿತಿಗಳನ್ನೂ ರೈತರು ತಿಳಿದಿರಬೇಕು. ರಿಸೋರ್ಸ್‌ಸ್ಯಾಟ್ ಉಪಗ್ರಹಗಳ ಲಿಸ್-3 ಚಿತ್ರದಲ್ಲಿ ಒಂದು ಚುಕ್ಕೆ 23.5 ಮೀಟರ್ ಚೌಕ, ಅಂದರೆ ಸುಮಾರು ಐದೂವರೆ ಗುಂಟೆ. ಒಂದು ಎಕರೆ ರಾಗಿ ಹೊಲವೆಂದರೆ ಏಳೇ ಚುಕ್ಕೆ. ಅಕ್ಕಡಿ ಸಾಲಿನ ಅವರೆ, ಬದುವಿನ ಹುಲ್ಲು ಎಲ್ಲವೂ ಅದರಲ್ಲೇ ಬೆರೆತಿರುತ್ತವೆ. ಮುಂಗಾರಿನ ಮೋಡವನ್ನು ಈ ಬೆಳಕು ದಾಟದು. ಮೇಲಾಗಿ, ಬಾಧೆಯಿದೆ ಎಂದಷ್ಟೇ ಚಿತ್ರ ಹೇಳೀತು. ಅದು ನೀರಿನ ಕೊರತೆಯೋ, ಸಾರಜನಕದ ಕೊರತೆಯೋ, ಬೇರಿನ ರೋಗವೋ ಎಂಬುದನ್ನು ಹೊಲದಲ್ಲೇ ನೋಡಬೇಕು.

ಆದುದರಿಂದ ಚಿತ್ರದಲ್ಲಿ ದೋಷ ಕಂಡ ಜಾಗಕ್ಕೆ ಹೋಗಿ, ಒಂದೆರಡು ಗಿಡ ಕಿತ್ತು ಬೇರು ಪರೀಕ್ಷಿಸಿ, ಗೇಣುದ್ದ ಅಗೆದು ಮಣ್ಣಿನ ತೇವ ನೋಡಿರಿ. ಔಷಧಿ ಕೊಳ್ಳುವುದು ಆಮೇಲೆ. ನೀರು ಬೇಕಾದ ಬೆಳೆಗೆ ಔಷಧಿ ಸಿಂಪಡಿಸಿದರೆ ಹಣವೂ ಹೋಗುತ್ತದೆ, ಬೆಳೆಯೂ ಉಳಿಯದು.